ಕಾನೂನಿಗೂ ಕೌಂಟರಿಗೂ ನಡುವೆ: ಬ್ರಾಂಕ್ಸ್‌ನ ಮೆಕ್ಸಿಕನ್ ಅಧ್ಯಯನ ಸಂಸ್ಥೆಯ ಕೆಲಸ

41 ಎಂಬ ಅಂಕಿಯಿಂದ ಶುರು ಮಾಡೋಣ. 2011ರಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಜನಗಣತಿ ಮಾಹಿತಿ ಇಟ್ಟುಕೊಂಡು ಒಂದು ವರದಿ ಮಾಡಿತು. ನ್ಯೂಯಾರ್ಕ್ ನಗರದಲ್ಲಿರುವ 16ರಿಂದ 19ರ ವಯಸ್ಸಿನ ಮೆಕ್ಸಿಕನ್ನರಲ್ಲಿ ಸುಮಾರು ಶೇ. 41 ಮಂದಿ ಶಾಲೆ ಬಿಟ್ಟವರು ಎಂದು ಅದರಲ್ಲಿತ್ತು. ಇಡೀ ನಗರದ ಲೆಕ್ಕ ಶೇ. 9ಕ್ಕಿಂತ ಕಡಿಮೆ. ಬೇರೆ ಯಾವ ದೊಡ್ಡ ವಲಸಿಗ ಸಮುದಾಯದಲ್ಲೂ ಅದು 20 ದಾಟಿರಲಿಲ್ಲ. ಓದಿದವರಿಗೆ ಸಹಜವಾಗಿ ಎರಡು ಅನುಮಾನ ಬರುತ್ತದೆ: ಶಾಲೆಗಳು ಕೆಟ್ಟಿವೆ, ಇಲ್ಲವೇ ಮನೆಯವರಿಗೆ ಓದಿನ ಮೇಲೆ ಆಸಕ್ತಿ ಇಲ್ಲ.

ಆದರೆ ಆ ಲೆಕ್ಕ ಬರುವುದು ಹೇಗೆ ನೋಡಿ. ಈಗ ಶಾಲೆಗೆ ಹೋಗುತ್ತಿದ್ದೀರಾ? ಹೈಸ್ಕೂಲ್ ಮುಗಿಸಿದ ಪ್ರಮಾಣಪತ್ರ ಇದೆಯೇ? ಎರಡಕ್ಕೂ ಇಲ್ಲ ಎಂದವರೆಲ್ಲ "ಶಾಲೆ ಬಿಟ್ಟವರ" ಪಟ್ಟಿಗೆ ಸೇರುತ್ತಾರೆ. ಮೆಕ್ಸಿಕೊದ ಪುಯೆಬ್ಲಾ ರಾಜ್ಯದ ಹಳ್ಳಿಯಿಂದ 16ನೇ ವಯಸ್ಸಿಗೆ ಬಂದು, ಮಾರನೇ ದಿನವೇ ಹೋಟೆಲಿನ ಪಾತ್ರೆ ತೊಳೆಯಲು ನಿಂತ ಹುಡುಗನೂ ಅದೇ ಪಟ್ಟಿಯಲ್ಲಿರುತ್ತಾನೆ. ಅವನು ನ್ಯೂಯಾರ್ಕಿನ ಶಾಲೆಯನ್ನು ಬಿಟ್ಟಿಲ್ಲ, ಅದರ ಬಾಗಿಲನ್ನೇ ನೋಡಿಲ್ಲ. ನಗರದ ಬ್ರಾಂಕ್ಸ್ ಭಾಗದಲ್ಲಿ ಹುಟ್ಟಿ ಒಂಬತ್ತನೇ ತರಗತಿಯಲ್ಲಿ ಶಾಲೆ ಬಿಟ್ಟ ಹುಡುಗಿಗೆ ಬೇಕಾದ ನೆರವೇ ಬೇರೆ, ಇವನಿಗೆ ಬೇಕಾದದ್ದೇ ಬೇರೆ. ಅಂಕಿಯನ್ನು ಬಿಡಿಸಿ ನೋಡದೆ ಹಣ ಹಂಚಿದರೆ ಎಲ್ಲವೂ ಶಾಲೆಗಳಿಗೆ ಹೋಗುತ್ತದೆ; ಇವನಿಗೆ ಬೇಕಿದ್ದ ಸಂಜೆ ತರಗತಿಗೆ ಏನೂ ಉಳಿಯುವುದಿಲ್ಲ.

ಇಂಥ ಅಂಕಿಯನ್ನು ಬಿಡಿಸುವವರೂ ಆ ಹುಡುಗನ ಅರ್ಜಿ ತುಂಬಿಸುವವರೂ ಒಂದೇ ಸೂರಿನಡಿ ಇರಬೇಕು ಎಂಬುದೇ ನನ್ನ ಇಂದಿನ ಮಾತಿನ ಸಾರ. ಅದಕ್ಕೆ ಉದಾಹರಣೆಯಾಗಿ ತೆಗೆದುಕೊಳ್ಳುತ್ತಿರುವುದು ಸಿಟಿ ಯೂನಿವರ್ಸಿಟಿ ಆಫ್ ನ್ಯೂಯಾರ್ಕ್‌ನ ಮೆಕ್ಸಿಕನ್ ಅಧ್ಯಯನ ಸಂಸ್ಥೆ. ಈ ವಿಶ್ವವಿದ್ಯಾಲಯವನ್ನು ಎಲ್ಲರೂ ಕರೆಯುವುದು ಕ್ಯೂನಿ ಎಂದು. ಸಂಸ್ಥೆ ಇರುವುದು ಬ್ರಾಂಕ್ಸ್‌ನ ಲೀಮನ್ ಕಾಲೇಜಿನಲ್ಲಿ. ಶುರುವಾದದ್ದು 2012ರಲ್ಲಿ, ಮೊದಲ ನಿರ್ದೇಶಕಿ ಮಾನವಶಾಸ್ತ್ರಜ್ಞೆ ಅಲೀಶಿಯಾ ಗಾಲ್ವೆಸ್. ಮುಂದೆ ಪುಯೆಬ್ಲಾ ಮೂಲದ ಉದ್ಯಮಿ ಹೈಮೆ ಲುಸೆರೊ ಅವರ ಹೆಸರು ಅದಕ್ಕೆ ಸೇರಿತು.

2012 ಅಂದರೆ ತೀರಾ ತಡ ಅನ್ನಿಸಬಹುದು. ಕ್ಯೂನಿಯಲ್ಲೇ ಪೋರ್ಟೊರಿಕೊ ಅಧ್ಯಯನ ಕೇಂದ್ರ 1973ರಲ್ಲೇ ಶುರುವಾಯಿತು, ಈಗ ಹಂಟರ್ ಕಾಲೇಜಿನಲ್ಲಿದೆ, ಡೊಮಿನಿಕನ್ ಅಧ್ಯಯನ ಸಂಸ್ಥೆ 1992ರಿಂದ ಸಿಟಿ ಕಾಲೇಜಿನಲ್ಲಿದೆ. ಕ್ಯಾಲಿಫೋರ್ನಿಯಾ, ಟೆಕ್ಸಾಸ್‌ಗಳಲ್ಲಿ ಮೆಕ್ಸಿಕನ್ನರು ಗಡಿ ಎಳೆಯುವ ಮುಂಚಿನಿಂದಲೂ ಇದ್ದವರು. ನ್ಯೂಯಾರ್ಕಿಗೆ ದೊಡ್ಡ ಸಂಖ್ಯೆಯಲ್ಲಿ ಬಂದದ್ದು 1980ರ ದಶಕದ ನಂತರ. 1986ರ ವಲಸೆ ಕಾನೂನು ಆಗಲೇ ಬಂದಿದ್ದ ಹಲವರಿಗೆ ಕಾನೂನುಬದ್ಧವಾಗಿ ಇರಲು ಕಾಗದಪತ್ರ ಕೊಟ್ಟಿತು, ಅವರ ಹಿಂದೆ ಹೆಂಡತಿ ಮಕ್ಕಳು ಬಂದರು. ಬಹುಪಾಲು ಜನ ಪುಯೆಬ್ಲಾ, ಗೆರೆರೊ, ವಹಾಕಾ ರಾಜ್ಯಗಳ ಒಣ ಬೆಟ್ಟಸೀಮೆಯವರು. ಈಸ್ಟ್ ಹಾರ್ಲೆಮ್, ಸನ್‌ಸೆಟ್ ಪಾರ್ಕ್, ಕರೋನ, ಸ್ಟೇಟನ್ ಐಲ್ಯಾಂಡ್, ದಕ್ಷಿಣ ಬ್ರಾಂಕ್ಸ್, ಹೀಗೆ ನಗರದ ತುಂಬ ಚದುರಿ ನೆಲೆಸಿದರು. ಇಲ್ಲಿ ಅಮೆರಿಕದಲ್ಲೇ ಹುಟ್ಟಿದ ಮಕ್ಕಳ ದೊಡ್ಡ ಪೀಳಿಗೆ ಕಾಲೇಜಿನ ವಯಸ್ಸಿಗೆ ಬಂದದ್ದು ಈಚೆಗೆ. ಸಂಸ್ಥೆ ತಡವಾಗಿ ಹುಟ್ಟಿದ್ದಕ್ಕೆ ಅದೇ ಕಾರಣ.

ಈಗ ಕೌಂಟರಿನ ಕೆಲಸಕ್ಕೆ, ಅಂದರೆ ಎದುರು ಕೂತವರ ಅರ್ಜಿ ತುಂಬಿಸುವ ಕೆಲಸಕ್ಕೆ ಬರೋಣ, ನಿಧಾನವಾಗಿ ನೋಡಬೇಕಾದದ್ದು ಇದನ್ನೇ.

ಹೈಸ್ಕೂಲಿನವರೆಗೆ ಕಾಗದಪತ್ರ ಇಲ್ಲದ ಮಕ್ಕಳನ್ನೂ ಶಾಲೆ ಸೇರಿಸಿಕೊಳ್ಳಲೇಬೇಕು. 1982ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಪ್ಲೈಲರ್ ಪ್ರಕರಣದಲ್ಲಿ ಅದನ್ನು ತೀರ್ಮಾನಿಸಿದೆ. ನ್ಯೂಯಾರ್ಕ್ ರಾಜ್ಯದಲ್ಲಿ 21 ತುಂಬುವ ಶೈಕ್ಷಣಿಕ ವರ್ಷದ ಕೊನೆಯವರೆಗೂ ಹೈಸ್ಕೂಲಿಗೆ ಹೋಗುವ ಹಕ್ಕಿದೆ. 17ರ ಹುಡುಗ ದಾಖಲಾತಿಗೆ ಹೋದಾಗ "ನಿನಗೆ ವಯಸ್ಸಾಯಿತು, ಹೈಸ್ಕೂಲಿಗೆ ಹೋಗದೆಯೇ ಬರೆಯುವ ಸಮಾನತಾ ಪರೀಕ್ಷೆ ಬರೆ" ಎಂದು ಯಾರಾದರೂ ಸಾಗಹಾಕಿದರೆ ಅದು ತಪ್ಪು. ಆದರೆ ಹಾಗೆ ಹೇಳಿಸಿಕೊಂಡ ಹುಡುಗ ವಾದಕ್ಕೆ ನಿಲ್ಲುವುದಿಲ್ಲ, ಕೆಲಸಕ್ಕೆ ಹೋಗುತ್ತಾನೆ.

ಕಾಲೇಜಿನ ಕಥೆ ಬೇರೆ. ಅಲ್ಲಿ ಹಕ್ಕಿಗಿಂತ ಮೊದಲು ಶುಲ್ಕದ ಪ್ರಶ್ನೆ. ಕ್ಯೂನಿಯ ನಾಲ್ಕು ವರ್ಷದ ಕಾಲೇಜುಗಳಲ್ಲಿ ರಾಜ್ಯದ ನಿವಾಸಿಗೆ ಪೂರ್ಣಾವಧಿ ಶುಲ್ಕ ಸೆಮಿಸ್ಟರಿಗೆ 3,465 ಡಾಲರ್. ಹೊರಗಿನವರಿಗೆ ಕ್ರೆಡಿಟ್‌ಗೆ 620ರಂತೆ ಲೆಕ್ಕ. 15 ಕ್ರೆಡಿಟ್ ತೆಗೆದುಕೊಂಡರೆ 9,300. 120 ಕ್ರೆಡಿಟ್‌ಗಳ ಪದವಿಗೆ ಒಬ್ಬನಿಗೆ 27,720, ಇನ್ನೊಬ್ಬನಿಗೆ 74,400. ಹೋಟೆಲ್ ಕೆಲಸದ ಸಂಬಳದಲ್ಲಿ ಮೊದಲನೆಯದನ್ನು ಹೇಗೋ ತೂಗಿಸಬಹುದು, ಎರಡನೆಯದು ಸಾಧ್ಯವೇ ಇಲ್ಲ.

2001ರ ಕೊನೆಗೆ ಕ್ಯೂನಿ, 1996ರ ಒಕ್ಕೂಟ (ಅಂದರೆ ಅಮೆರಿಕದ ಕೇಂದ್ರ ಸರ್ಕಾರದ) ಕಾನೂನನ್ನು ಮುಂದಿಟ್ಟು, ಕಾಗದಪತ್ರ ಇಲ್ಲದ ವಿದ್ಯಾರ್ಥಿಗಳಿಗೆ ಹೊರಗಿನವರ ದರ ಹಾಕಲು ಹೊರಟಿತು. ಪ್ರತಿಭಟನೆಗಳಾದವು, ಮಾರನೇ ವರ್ಷ ರಾಜ್ಯದ ಶಾಸಕಾಂಗ ಹೊಸ ಕಾನೂನು ತಂದಿತು. ಒಕ್ಕೂಟದ ಕಾನೂನು ಹೇಳುವುದಿಷ್ಟು: ವಾಸದ ಆಧಾರದ ಮೇಲೆ ಇವರಿಗೆ ಕೊಡುವ ಸೌಲಭ್ಯವನ್ನು ಬೇರೆ ರಾಜ್ಯದ ಅಮೆರಿಕನ್ ಪ್ರಜೆಗಳಿಗೂ ಕೊಡಬೇಕು. ಹಾಗಾಗಿ ನ್ಯೂಯಾರ್ಕ್ ತನ್ನ ಕಾನೂನಿನಲ್ಲಿ ವಾಸದ ಮಾತನ್ನೇ ಎತ್ತಲಿಲ್ಲ. ಇಲ್ಲಿನ ಹೈಸ್ಕೂಲಿನಲ್ಲಿ ಕನಿಷ್ಠ ಎರಡು ವರ್ಷ ಓದಿ ಪಾಸಾಗಿರಬೇಕು, ಪಾಸಾದ ಐದು ವರ್ಷದೊಳಗೆ ಕಾಲೇಜಿಗೆ ಅರ್ಜಿ ಹಾಕಿರಬೇಕು. ಅಥವಾ ಇಲ್ಲಿ ಸಮಾನತಾ ಪರೀಕ್ಷೆಗೆ ಓದಿ, ಪಾಸಾಗಿ, ಐದು ವರ್ಷದೊಳಗೆ ಅರ್ಜಿ ಹಾಕಿರಬೇಕು. ಅರ್ಜಿ ನಮೂನೆ ವಿಳಾಸಕ್ಕಿಂತ ಹೆಚ್ಚಾಗಿ ಶಾಲೆಯ ವಿಚಾರವನ್ನೇ ಏಕೆ ಕೆದಕುತ್ತದೆ ಎಂಬುದು ಇದರಿಂದ ತಿಳಿಯುತ್ತದೆ.

ಇದರ ಜೊತೆ ಒಂದು ಅಫಿಡವಿಟ್ ಬೇಕು: "ಕಾನೂನು ಅವಕಾಶ ಕೊಟ್ಟ ಕೂಡಲೇ ವಲಸೆ ಸ್ಥಾನಮಾನಕ್ಕೆ ಅರ್ಜಿ ಹಾಕುತ್ತೇನೆ" ಎಂದು ನೋಟರಿ ಮುಂದೆ ಸಹಿ ಮಾಡಿ ಕಾಲೇಜಿಗೆ ಕೊಡಬೇಕು. ಹೆಚ್ಚು ಮಂದಿ ಎಡವುವುದು ಇಲ್ಲೇ. ವಲಸೆ ಎಂಬ ಪದ ಕಂಡ ಕೂಡಲೇ ತಂದೆತಾಯಿ ಹೆದರುತ್ತಾರೆ, ಇದು ನೇರ ವಲಸೆ ಇಲಾಖೆಗೆ ಹೋಗುತ್ತದೆ ಎಂದುಕೊಂಡು ಕಾಗದವನ್ನು ಮನೆಯಲ್ಲೇ ಇಟ್ಟುಕೊಳ್ಳುತ್ತಾರೆ. ಅಫಿಡವಿಟ್ ಇರುವುದು ಕಾಲೇಜಿನ ಕಡತದಲ್ಲಿ. ವಿದ್ಯಾರ್ಥಿಯ ದಾಖಲೆಗಳ ಗೋಪ್ಯತೆಗೆ 1974ರ ಒಕ್ಕೂಟ ಕಾನೂನಿನ ರಕ್ಷಣೆ ಇದೆ. ಕೋರ್ಟಿನ ಆದೇಶದಂಥ ಕೆಲವು ವಿನಾಯಿತಿಗಳನ್ನು ಬಿಟ್ಟರೆ ಒಪ್ಪಿಗೆಯಿಲ್ಲದೆ ಹೊರಗೆ ಕೊಡುವಂತಿಲ್ಲ. ಆ ವಿನಾಯಿತಿಗಳನ್ನೂ ಮುಚ್ಚಿಡದೆ ಹೇಳಬೇಕು. "ಏನೂ ಆಗಲ್ಲ, ಸಹಿ ಮಾಡಿ" ಎನ್ನುವ ಸಲಹೆಗಾರರನ್ನು ಜನ ಎರಡನೇ ಸಲ ನಂಬುವುದಿಲ್ಲ. ಅಫಿಡವಿಟ್ ಕೊಡದಿದ್ದರೆ ಕಂಪ್ಯೂಟರ್ ತನ್ನಷ್ಟಕ್ಕೆ ಹೊರಗಿನವರ ದರದ ಬಿಲ್ ಕಳಿಸುತ್ತದೆ. ಅದನ್ನು ಕಂಡ ಮನೆಯವರು ಕಾಲೇಜಿನ ಆಸೆ ಬಿಡುತ್ತಾರೆ; ಸರಿಪಡಿಸಬಹುದಾದ ಬಿಲ್ ಅದು ಎಂದು ಹೇಳಲು ಯಾರೂ ಇರುವುದಿಲ್ಲ.

ಎರಡನೇ ಎಡವಟ್ಟು ಸೋಷಿಯಲ್ ಸೆಕ್ಯುರಿಟಿ ಸಂಖ್ಯೆಯದು, ಅಂದರೆ ಅಮೆರಿಕದಲ್ಲಿ ಕೆಲಸಕ್ಕೂ ತೆರಿಗೆಗೂ ಬೇಕಾದ ಸರ್ಕಾರಿ ಗುರುತಿನ ಸಂಖ್ಯೆಯದು. ಸಂಖ್ಯೆ ಇಲ್ಲದಿದ್ದರೆ ಕಾಲೇಜಿನ ಅರ್ಜಿಯಲ್ಲಿ ಆ ಜಾಗವನ್ನು ಖಾಲಿ ಬಿಡಬೇಕು. ತೆರಿಗೆ ಇಲಾಖೆ ಕೊಡುವ ಐಟಿಐಎನ್ ಸಂಖ್ಯೆಯನ್ನು ಅಲ್ಲಿ ಬರೆಯಬಾರದು, ಕೆಲಸಕ್ಕೆಂದು ಎಲ್ಲಿಂದಲೋ ಸಿಕ್ಕ ಸಂಖ್ಯೆಯನ್ನಂತೂ ಬರೆಯಲೇಬಾರದು. ಅದೊಂದು ಸುಳ್ಳು ಹೇಳಿಕೆಯಾಗಿ ಮುಂದೆ ವಲಸೆ ಅರ್ಜಿಗೇ ಕುತ್ತು ತರಬಹುದು. ಕಾಲೇಜು ತನ್ನದೇ ಗುರುತಿನ ಸಂಖ್ಯೆ ಕೊಡುತ್ತದೆ.

ಮೂರನೆಯದು ಹೆಸರು. ಮೆಕ್ಸಿಕೊದಲ್ಲಿ ಇಬ್ಬರ ಅಡ್ಡಹೆಸರೂ ಬರುತ್ತದೆ, ಮೊದಲು ತಂದೆಯದು, ಆಮೇಲೆ ತಾಯಿಯದು. "ಎರ್ನಾಂದೆಸ್ ಫ್ಲೋರೆಸ್" ಎಂಬ ಜೋಡಿಯಲ್ಲಿ ಕುಟುಂಬದ ಹೆಸರು ಎಂದರೆ ಎರ್ನಾಂದೆಸ್. ಅಮೆರಿಕದ ಶಾಲೆಯ ಗುಮಾಸ್ತ ಕೊನೆಯ ಪದವನ್ನು ಹಿಡಿದು ಫ್ಲೋರೆಸ್ ಎಂದು ದಾಖಲಿಸುತ್ತಾನೆ, ಆಸ್ಪತ್ರೆಯಲ್ಲಿ ನಡುವೆ ಒಂದು ಗೆರೆ ಸೇರುತ್ತದೆ, ಜನನ ಪ್ರಮಾಣಪತ್ರದ "ಮರಿಯಾ" ಇನ್ನೊಂದು ಕಾಗದದಲ್ಲಿ "ಮ." ಆಗಿರುತ್ತದೆ. ಇನಿಷಿಯಲ್ ಬಿಡಿಸಿ ಬರೆದು ಪಾಸ್‌ಪೋರ್ಟ್ ಮಾಡಿಸಿದ ಕನ್ನಡಿಗರಿಗೆ ಈ ಗೋಳು ವಿವರಿಸಬೇಕಿಲ್ಲ. ಪರಿಹಾರ ಸರಳ, ಆದರೆ ಮೊದಲೇ ಮಾಡಬೇಕು: ಪಾಸ್‌ಪೋರ್ಟ್ ಅಥವಾ ಜನನ ಪ್ರಮಾಣಪತ್ರದಲ್ಲಿ ಇದ್ದಂತೆಯೇ ಒಂದೇ ರೂಪ ಗೊತ್ತುಮಾಡಿಕೊಂಡು, ಹೈಸ್ಕೂಲ್ ಅಂಕಪಟ್ಟಿಯಿಂದ ಹಿಡಿದು ಎಲ್ಲ ಕಡೆ ಅದನ್ನೇ ಹಾಕಿಸುವುದು. ಹೆಸರು ಹೊಂದದಿದ್ದರೆ ಅಂಕಪಟ್ಟಿ ಬಂದಿದ್ದರೂ ಅರ್ಜಿಗೆ ಜೋಡಣೆಯಾಗುವುದಿಲ್ಲ, ಅರ್ಜಿ "ಅಪೂರ್ಣ" ಎಂದೇ ಕೂತಿರುತ್ತದೆ.

ಲಸಿಕೆಯ ದಾಖಲೆ ಚಿಕ್ಕ ವಿಷಯ, ಆದರೂ ಸೆಮಿಸ್ಟರ್ ತಪ್ಪಿಸುತ್ತದೆ. ನ್ಯೂಯಾರ್ಕ್ ಕಾನೂನಿನ ಪ್ರಕಾರ ಆರು ಅಥವಾ ಹೆಚ್ಚು ಕ್ರೆಡಿಟ್ ತೆಗೆದುಕೊಳ್ಳುವವರು ದಡಾರಕ್ಕೆ ಎರಡು ಡೋಸ್, ಮಂಗನಬಾವು ಮತ್ತು ರುಬೆಲ್ಲಾಗೆ ಒಂದೊಂದು ಡೋಸ್ ಪಡೆದ ಪುರಾವೆ ಕೊಡಬೇಕು. ಮೆಕ್ಸಿಕೊದ ಲಸಿಕೆ ಪುಸ್ತಕ ಊರಲ್ಲೇ ಉಳಿದಿದ್ದರೆ ರಕ್ತಪರೀಕ್ಷೆಯಲ್ಲಿ ರೋಗನಿರೋಧಕ ಶಕ್ತಿ ತೋರಿಸಬಹುದು, ಅಥವಾ ಮತ್ತೆ ಹಾಕಿಸಿಕೊಳ್ಳಬಹುದು. ಎರಡು ಡೋಸ್‌ಗಳ ನಡುವೆ 28 ದಿನ ಬೇಕು. ಆಗಸ್ಟ್ ಕೊನೆಯಲ್ಲಿ ನೆನಪಾದರೆ ಕಷ್ಟ.

ಇನ್ನು ಧನಸಹಾಯ. ಅಮೆರಿಕ ಸರ್ಕಾರದ ಸಹಾಯ ಕಾಗದಪತ್ರ ಇಲ್ಲದವರಿಗಿಲ್ಲ, ಡಾಕಾ (ಚಿಕ್ಕವರಿದ್ದಾಗ ಬಂದ, ಕಾಗದಪತ್ರ ಇಲ್ಲದವರನ್ನು ಗಡೀಪಾರಿನಿಂದ ತಾತ್ಕಾಲಿಕವಾಗಿ ಕಾಯುವ ವ್ಯವಸ್ಥೆ) ಇರುವವರಿಗೂ ಇಲ್ಲ. ರಾಜ್ಯದ ಸಹಾಯಕ್ಕೆ 2019ರ ಏಪ್ರಿಲ್‌ನಲ್ಲಿ ಡ್ರೀಮ್ ಆಕ್ಟ್ ಎಂಬ ಕಾನೂನಿನಿಂದ ಬಾಗಿಲು ತೆರೆಯಿತು. ಆ ಕಾನೂನಿಗಾಗಿ ವರ್ಷಗಟ್ಟಲೆ ಹೋರಾಡಿ, ಅದು ಜಾರಿಯಾಗುವ ಕೆಲವು ತಿಂಗಳ ಮುಂಚೆ ತೀರಿಕೊಂಡ ಸೆನೆಟರ್ ಹೊಸೆ ಪೆರಾಲ್ಟಾ ಅವರ ಹೆಸರೇ ಅದಕ್ಕಿದೆ. ಟ್ಯಾಪ್ ಎಂಬ ರಾಜ್ಯ ಅನುದಾನದಲ್ಲಿ ವರ್ಷಕ್ಕೆ ಗರಿಷ್ಠ 5,665 ಡಾಲರ್ ಸಿಗುತ್ತದೆ. ಹೆಜ್ಜೆ ಎರಡು: ಮೊದಲು ರಾಜ್ಯದ ಡ್ರೀಮ್ ಆಕ್ಟ್ ಅರ್ಜಿ, ಅದರಲ್ಲಿ ಅರ್ಹತೆ ಸಾಬೀತಾಗಬೇಕು, ಆಮೇಲೆ ಅನುದಾನದ ಅರ್ಜಿ. ಮೊದಲನೆಯದನ್ನು ಮುಗಿಸಿ ಕೆಲಸ ಆಯಿತೆಂದು ಕೂರುವವರು ಹಲವರು. ಅನುದಾನವನ್ನು ವರ್ಷ ವರ್ಷವೂ ಕೇಳಬೇಕು. ಪದವಿಗೆ ಲೆಕ್ಕಕ್ಕೆ ಬಾರದ ಕೋರ್ಸ್ ತೆಗೆದುಕೊಂಡು ಪೂರ್ಣಾವಧಿಯ 12 ಕ್ರೆಡಿಟ್ ತುಂಬಿಸಿದರೆ ಆ ಸೆಮಿಸ್ಟರಿನ ಹಣ ಕೈತಪ್ಪಬಹುದು.

ಅಮೆರಿಕದಲ್ಲೇ ಹುಟ್ಟಿದ ಮಗುವಿಗೆ ತೊಂದರೆಯಿಲ್ಲ ಎಂದುಕೊಳ್ಳಬೇಡಿ. ಅವಳು ಪ್ರಜೆ, ಒಕ್ಕೂಟದ ಸಹಾಯಕ್ಕೆ ಅರ್ಹಳು, ಆದರೆ ಅರ್ಜಿಯಲ್ಲಿ ತಂದೆತಾಯಿಯ ವಿವರ ಬೇಕು. 2023ರ ಡಿಸೆಂಬರ್ ಕೊನೆಗೆ ಹೊಸ ರೂಪದ ಒಕ್ಕೂಟ ಅರ್ಜಿ ಬಂದಾಗ, ಸೋಷಿಯಲ್ ಸೆಕ್ಯುರಿಟಿ ಸಂಖ್ಯೆ ಇಲ್ಲದ ತಂದೆತಾಯಿಗೆ ಅದನ್ನು ಮುಗಿಸಲು ಆಗುತ್ತಲೇ ಇರಲಿಲ್ಲ. ತಿಂಗಳುಗಟ್ಟಲೆ ಅದು ಹಾಗೇ ಇತ್ತು. ಪ್ರಜೆಗಳಾದ ಮಕ್ಕಳ ಅರ್ಜಿಗಳು ತಂದೆತಾಯಿಯ ಸಹಿಗೆ ಕಾದು ಕೂತವು. ಇಂಥ ಸಮಯದಲ್ಲಿ ಎಷ್ಟು ಮನೆಗಳಿಗೆ, ಯಾವ ಪುಟದಲ್ಲಿ, ಏನು ತೊಂದರೆ ಎಂದು ಮೊದಲು ಗೊತ್ತಾಗುವುದು ಕೌಂಟರಿನಲ್ಲಿ ಕೂತವರಿಗೆ. ಅದನ್ನು ಬರೆದಿಟ್ಟು, ಎಣಿಸಿ, ಮೇಲಿನವರ ಮುಂದಿಟ್ಟರೆ ಅದೂ ಸಂಶೋಧನೆಯೇ.

ಡಾಕಾ ವಿಚಾರದಲ್ಲಿ ಸಲಹೆಗಾರರಲ್ಲೇ ಹಲವರು ಹಿಂದುಳಿದಿದ್ದಾರೆ. 2012ರ ಜೂನ್ 15ರಂದು ಘೋಷಣೆಯಾದ ಆ ವ್ಯವಸ್ಥೆಗೆ, 2007ರ ಜೂನ್ 15ರಿಂದ ನಿರಂತರವಾಗಿ ಅಮೆರಿಕದಲ್ಲಿ ಇರಬೇಕೆಂಬ ಷರತ್ತಿದೆ. ಲೆಕ್ಕ ಹಾಕಿ ನೋಡಿ: ಈಗ ಹೈಸ್ಕೂಲ್ ಮುಗಿಸುತ್ತಿರುವ 18ರ ಹುಡುಗ ಆ ತಾರೀಕಿನ ಹೊತ್ತಿಗೆ ಹುಟ್ಟಿರುವುದೇ ಅನುಮಾನ. ಸಾಲದ್ದಕ್ಕೆ 2021ರ ಜುಲೈನ ಟೆಕ್ಸಾಸ್ ತೀರ್ಪಿನ ನಂತರ ಹೊಸ ಅರ್ಜಿಗಳಿಗೆ ಮಂಜೂರಾತಿ ನಿಂತಿತು, ಹಳಬರ ನವೀಕರಣ ಮಾತ್ರ ಮುಂದುವರಿಯಿತು. ಆದರೂ ಮೊದಲ ಪ್ರಶ್ನೆಯಾಗಿ "ಡಾಕಾ ಇದೆಯಾ?" ಎಂದು ಕೇಳುವ ಚಾಳಿ ಹೋಗಿಲ್ಲ. ಇಲ್ಲ ಎಂದ ಹುಡುಗನಿಗೆ ಎಲ್ಲ ಬಾಗಿಲೂ ಮುಚ್ಚಿತು ಅನ್ನಿಸುತ್ತದೆ. "ಇಲ್ಲಿ ಹೈಸ್ಕೂಲಿನಲ್ಲಿ ಎಷ್ಟು ವರ್ಷ ಓದಿದೆ?" ಎಂದು ಕೇಳಬೇಕು.

ಮತ್ತೆ ಆ ಶಾಲೆ ಕಾಣದ ಹುಡುಗನ ಹತ್ತಿರ ಬರೋಣ. ಮೆಕ್ಸಿಕೊ ಸರ್ಕಾರದ ವಯಸ್ಕರ ಶಿಕ್ಷಣ ಸಂಸ್ಥೆ, ಇನೆಯಾ, ಅಮೆರಿಕದ ನಗರಗಳಲ್ಲಿ "ಪ್ಲಾಸಾ ಕೊಮುನಿತಾರಿಯಾ" ಎಂಬ ಕಲಿಕಾ ಕೇಂದ್ರಗಳಿಗೆ ಪಠ್ಯ ಒದಗಿಸುತ್ತದೆ. ಅಲ್ಲಿ ಸ್ಪ್ಯಾನಿಷ್‌ನಲ್ಲಿ ಪ್ರಾಥಮಿಕ ಮತ್ತು ಸೆಕುಂದಾರಿಯಾ, ಅಂದರೆ ನಮ್ಮ ಒಂಬತ್ತನೇ ತರಗತಿಯ ಮಟ್ಟದವರೆಗೆ ಮುಗಿಸಿ ಪ್ರಮಾಣಪತ್ರ ಪಡೆಯಬಹುದು. ಈ ಪ್ರಮಾಣಪತ್ರದಿಂದ ಕ್ಯೂನಿ ಪ್ರವೇಶ ಸಿಗುವುದಿಲ್ಲ. ಇದನ್ನು ಮೊದಲ ದಿನವೇ ಹೇಳದಿದ್ದರೆ ಎರಡು ವರ್ಷದ ದುಡಿಮೆಯ ನಂತರ ದೊಡ್ಡ ನಿರಾಸೆ. ಅದು ತಳಪಾಯ ಅಷ್ಟೇ; ಅದರ ಮೇಲೆ ಜಿಇಡಿ ಎಂಬ ಸಮಾನತಾ ಪರೀಕ್ಷೆ ಕಟ್ಟಬೇಕು. ಗಣಿತ, ಭಾಷೆ, ಸಮಾಜ, ವಿಜ್ಞಾನ, ನಾಲ್ಕು ಪತ್ರಿಕೆ, ಪ್ರತಿಯೊಂದರಲ್ಲೂ 145 ಬರಬೇಕು, ಸ್ಪ್ಯಾನಿಷ್‌ನಲ್ಲೂ ಬರೆಯಬಹುದು, ನ್ಯೂಯಾರ್ಕಿನಲ್ಲಿ ಶುಲ್ಕವಿಲ್ಲ. ಸ್ಪ್ಯಾನಿಷ್‌ನಲ್ಲಿ ಪಾಸಾದವನು ಇಂಗ್ಲಿಷಿಗಾಗಿ ನೇರ ಪದವಿಗೆ ಸೇರಿಕೊಂಡರೆ ಅನುದಾನದ ಸೆಮಿಸ್ಟರುಗಳು ಇಂಗ್ಲಿಷ್ ಕಲಿಯುವುದರಲ್ಲೇ ಕರಗುತ್ತವೆ. ಅದಕ್ಕೇ ಕ್ಯೂನಿಯಲ್ಲಿ ಕ್ಲಿಪ್ ಎಂಬ ಕಾರ್ಯಕ್ರಮವಿದೆ, ವಾರಕ್ಕೆ 25 ಗಂಟೆ ಬರೀ ಇಂಗ್ಲಿಷ್. ಅನುದಾನಕ್ಕೆ ಕೈ ಹಚ್ಚದೆ ಮೊದಲು ಅದನ್ನು ಮುಗಿಸುವುದು ಜಾಣತನ.

ತರಗತಿಯ ಸಮಯ ಇಡುವಾಗಲೂ ಕೆಲಸದ ಲೋಕ ಗೊತ್ತಿರಬೇಕು. ಹೋಟೆಲಿನವರಿಗೆ ಶನಿವಾರ ಭಾನುವಾರ ರಜೆ ಇರುವುದಿಲ್ಲ, ಅವರ ವಾರದ ರಜೆ ಸೋಮವಾರವೋ ಮಂಗಳವಾರವೋ. ಕಟ್ಟಡ ಕೆಲಸದವರಿಗೆ ಭಾನುವಾರ ಸರಿ. ಒಂದೇ ವೇಳಾಪಟ್ಟಿ ಇಟ್ಟರೆ ಅರ್ಧ ಜನ ತಾವಾಗಿ ಕಳಚಿಕೊಳ್ಳುತ್ತಾರೆ, ಆಮೇಲೆ ವರದಿಯಲ್ಲಿ "ಆಸಕ್ತಿಯ ಕೊರತೆ" ಎಂದು ಬರೆಯುತ್ತಾರೆ.

ಭಾಷೆಯದೂ ಒಂದು ತೊಡಕು. ಗೆರೆರೊ ರಾಜ್ಯದ ಬೆಟ್ಟಸೀಮೆಯಿಂದ ಬಂದ ಎಷ್ಟೋ ಮನೆಗಳಲ್ಲಿ ಮಾತು ಮಿಶ್ತೆಕ್, ನವಾಟ್ಲ್ ಅಥವಾ ಮೆಫಾ. ಶಾಲೆಯ ಮನೆಮಾತಿನ ನಮೂನೆಯಲ್ಲಿ ತಾಯಿ "ಸ್ಪ್ಯಾನಿಷ್" ಎಂದೇ ಬರೆಸುತ್ತಾಳೆ. ಊರಲ್ಲಿ ಆ ಭಾಷೆಗಳನ್ನು ಆಡಿದ್ದಕ್ಕೆ ಅವಮಾನ ಪಟ್ಟ ನೆನಪು ಅವಳಿಗಿರುತ್ತದೆ. ಮಗುವಿಗೆ ಸ್ಪ್ಯಾನಿಷ್ ನೆರವು ಸಿಗುತ್ತದೆ, ಅದೂ ಅರ್ಥವಾಗುವುದಿಲ್ಲ. ಕೊನೆಗೆ ಕಲಿಕೆಯ ದೋಷ ಇದೆ ಎಂಬ ಹಣೆಪಟ್ಟಿ. "ಅಜ್ಜಿ ಜೊತೆ ಮನೆಯಲ್ಲಿ ಏನು ಮಾತಾಡುತ್ತೀರಿ?" ಎಂದು ಕೇಳಿದರೆ ನಿಜವಾದ ಉತ್ತರ ಹೊರಬರುತ್ತದೆ.

ಸಂಶೋಧನೆಯ ಕಡೆಗೆ ಒಂದೇ ಮಾತು ಹೇಳುತ್ತೇನೆ, ಅದು ಸಹಿಯ ವಿಚಾರ. ಸಂಶೋಧನೆಯ ನೈತಿಕತೆ ನೋಡುವ ವಿಶ್ವವಿದ್ಯಾಲಯದ ಸಮಿತಿ ರೂಢಿಯಂತೆ ಸಂದರ್ಶನಕ್ಕೆ ಸಹಿ ಮಾಡಿದ ಒಪ್ಪಿಗೆ ಪತ್ರ ಕೇಳುತ್ತದೆ. ಕಾಗದಪತ್ರ ಇಲ್ಲದವರ ಅಧ್ಯಯನದಲ್ಲಿ ಆ ಸಹಿಯೇ ಅಪಾಯ, ಏಕೆಂದರೆ ಹೆಸರನ್ನೂ ಮಾತನ್ನೂ ಜೋಡಿಸುವ ದಾಖಲೆ ಅದೊಂದೇ. ಒಕ್ಕೂಟದ ನಿಯಮದಲ್ಲೇ ಇಂಥ ಕಡೆ ಸಹಿ ಕೈಬಿಟ್ಟು ಬಾಯಿಮಾತಿನ ಒಪ್ಪಿಗೆ ಪಡೆಯಲು ಅವಕಾಶವಿದೆ. ಅದನ್ನು ಕೇಳಿ ಪಡೆಯಬೇಕು. ವಲಸೆ ಸ್ಥಾನಮಾನವನ್ನು ಪ್ರಶ್ನಾವಳಿಯಲ್ಲಿ ಕೇಳಲೇಬೇಕೆ ಎಂದು ಎರಡು ಸಲ ಯೋಚಿಸಬೇಕು. ಕಡತದಲ್ಲೇ ಇಲ್ಲದ್ದನ್ನು ಯಾವ ಕೋರ್ಟೂ ತರಿಸಲಾರದು.

ವಿದ್ಯಾರ್ಥಿವೇತನದಲ್ಲಿ ಇದೇ ಜಾತಿಯ ಇನ್ನೊಂದು ಬಲೆ ಇದೆ. ಲೀಮನ್‌ನ ಸಂಸ್ಥೆ "ಕ್ಯೂನಿ ಬೆಕಾಸ್" ಎಂಬ ವಿದ್ಯಾರ್ಥಿವೇತನ ನಡೆಸುತ್ತದೆ. ವಲಸೆ ಸ್ಥಾನಮಾನ ಏನಿದ್ದರೂ ಕೊಡುತ್ತದೆ, ಪಡೆದವರು ಸಮುದಾಯದ ಸಂಘಟನೆಗಳಲ್ಲಿ ತರಬೇತಿ ಪಡೆಯುತ್ತಾರೆ. ಒಳ್ಳೆಯ ಕಲ್ಪನೆ. ಆದರೆ ಇಂಥದ್ದನ್ನು ರೂಪಿಸುವವರು ತೆರಿಗೆ ನಿಯಮ ಓದಿರಬೇಕು: "ಇಷ್ಟು ಗಂಟೆ ಕೆಲಸ ಮಾಡಿದರೆ ಇಷ್ಟು ಹಣ" ಎಂದು ಬರೆದರೆ ಅದು ಸಂಬಳವಾಗುತ್ತದೆ, ಸಂಬಳಕ್ಕೆ ಕೆಲಸದ ಪರವಾನಗಿ ಬೇಕು, ಆಗ ಯಾರಿಗಾಗಿ ಮಾಡಿದ್ದೋ ಅವರೇ ಹೊರಗುಳಿಯುತ್ತಾರೆ. ಹಣ ಓದಿಗೆ, ತರಬೇತಿ ಕಲಿಕೆಗೆ ಎಂದು ಮೊದಲ ಕರಡಿನಿಂದಲೇ ಬೇರೆ ಬೇರೆ ಇಡಬೇಕು.

ಈ ವಿಷಯ ಮಾತಾಡುವಾಗ ಒಂದು ಪ್ರಶ್ನೆ ಬಂತು: ಎಚ್-4 ವೀಸಾದಲ್ಲಿ, ಅಂದರೆ ಕೆಲಸದ ವೀಸಾದಲ್ಲಿರುವವರ ಅವಲಂಬಿತರ ವೀಸಾದಲ್ಲಿ ಬೆಳೆದ ನಮ್ಮ ಕನ್ನಡದ ಮಕ್ಕಳಿಗೆ ಇದರಲ್ಲಿ ಏನಾದರೂ ಇದೆಯೇ ಎಂದು. ಡಾಕಾದಲ್ಲಿ ಇಲ್ಲ. 2012ರ ಜೂನ್ 15ರಂದು ಕಾನೂನುಬದ್ಧ ಸ್ಥಾನಮಾನ ಇರಬಾರದು ಎಂಬುದೇ ಅದರ ಷರತ್ತು. ಸರಿಯಾದ ವೀಸಾದಲ್ಲಿ ಇದ್ದವರು ಆ ಕಾರಣಕ್ಕೇ ಹೊರಗುಳಿದರು. 21 ತುಂಬಿದರೆ ಎಚ್-4 ಮುಗಿಯುತ್ತದೆ, ಓದು ಮುಂದುವರಿಸಲು ಅಷ್ಟರೊಳಗೆ ಎಫ್-1 ಎಂಬ ವಿದ್ಯಾರ್ಥಿ ವೀಸಾಗೆ ಬದಲಾಯಿಸಿಕೊಳ್ಳಬೇಕಾಗುತ್ತದೆ. ಕಾಲೇಜು ಶುಲ್ಕದ ಲೆಕ್ಕ ಪ್ರತಿ ರಾಜ್ಯದಲ್ಲೂ ಬೇರೆ, ವೀಸಾದ ಬಗೆಯ ಮೇಲೂ ಬೇರೆ. ಹಾಗಾಗಿ ಹನ್ನೊಂದನೇ ತರಗತಿಯಲ್ಲಿರುವಾಗಲೇ ಕಾಲೇಜಿನ ರಿಜಿಸ್ಟ್ರಾರ್ ಕಚೇರಿಗೆ ವೀಸಾದ ಬಗೆ, ಹೈಸ್ಕೂಲ್ ಓದಿದ ವರ್ಷಗಳು, ಎರಡನ್ನೂ ಬರೆದು ಲಿಖಿತ ಉತ್ತರ ಕೇಳುವುದು ಒಳ್ಳೆಯದು. ಫೋನಿನಲ್ಲಿ ಹೇಳಿದ್ದು ಬಿಲ್ ಬಂದಾಗ ಉಪಯೋಗಕ್ಕೆ ಬರುವುದಿಲ್ಲ.